ಹಿತ್ತಲ ಹುಳು, ಹೊಲದ ಹಾವು



ಬೆಳಗಿನ ಪೂಜೆ ಮುಗಿಸಿ ಹಿತ್ತಲ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವುದು ನನ್ನ ಹಳೆಯ ರೂಢಿ. ಅಲ್ಲಿರುವುದು ಒಂದು ನುಗ್ಗೆ ಮರ, ಎರಡು ಕರಿಬೇವು, ಗೋಡೆಯ ಮೂಲೆಯಲ್ಲಿ ತಾನಾಗಿ ಎದ್ದ ಎಕ್ಕದ ಗಿಡ, ಒಂದೆರಡು ಔಡಲ. ಎಕ್ಕವನ್ನು ಕೀಳಿಸಬೇಕೆಂದಿದ್ದೆ. ಒಂದು ದಿನ ಎಲೆಯ ಅಡಿಯಲ್ಲಿ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳು ಕಂಡಿತು. ಅದು ಎಕ್ಕದ ವಿಷವನ್ನೇ ಉಂಡು, ಮೈಯಲ್ಲಿ ಕೂಡಿಟ್ಟುಕೊಂಡು, ಕಿತ್ತಳೆ ಬಣ್ಣದ ಚಿಟ್ಟೆಯಾಗುತ್ತದೆ. ಒಮ್ಮೆ ಬಾಯಿ ಹಾಕಿದ ಹಕ್ಕಿ ಮತ್ತೆ ಅದರ ತಂಟೆಗೆ ಹೋಗುವುದಿಲ್ಲ. ಗಿಡ ಉಳಿಯಿತು. ಮಕ್ಕಳಿಗೆ ಮಾತ್ರ ಎಚ್ಚರಿಕೆ ಹೇಳಿದ್ದೇನೆ: ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಉಜ್ಜದೆ, ಶುದ್ಧ ನೀರಿನಲ್ಲಿ ಬಹಳ ಹೊತ್ತು ತೊಳೆದು, ಕಣ್ಣಿನ ವೈದ್ಯರಿಗೆ ತೋರಿಸಬೇಕು. ಔಡಲದ ಬೀಜ ಚೆಂದ ಕಾಣುತ್ತದೆಂದು ಚಿಕ್ಕವರು ಅಗಿದಾರು, ಅದು ಪ್ರಾಣಕ್ಕೇ ಕುತ್ತು. ಎಣ್ಣೆ ಬೇರೆ, ಬೀಜ ಬೇರೆ. ನುಗ್ಗೆಯ ಕಂಬಳಿಹುಳು ತಾಗಿದಾಗ ಕೆರೆದುಕೊಳ್ಳಬೇಡಿ. ಅಂಟುಪಟ್ಟಿ ಒತ್ತಿ ಕೂದಲು ಎತ್ತಿ ತೆಗೆದು, ಸಾಬೂನಿನಲ್ಲಿ ತೊಳೆಯಿರಿ.

ಇಷ್ಟು ಬರೆದು ಮುಗಿಸಬಹುದಿತ್ತು. ಆದರೆ ಹೋದ ಮಳೆಗಾಲದಲ್ಲಿ ಅದೇ ಹಿತ್ತಲಿಗೆ ಒಂದು ಕೇರೆ ಹಾವು ಬಂತು, ನಮ್ಮ ತೆಲುಗು ಮಂದಿ ಜೆರ್ರಿಪೋತು ಎನ್ನುವುದು. ನಾನು ಹೊರಗೆ ಬರುವಷ್ಟರಲ್ಲಿ ಹುಡುಗರು ಬಡಿದು ಹಾಕಿದ್ದರು. ಅದಕ್ಕೆ ವಿಷವಿಲ್ಲ. ಅದು ಎಮ್ಮೆಯ ಕಾಲು ಸುತ್ತಿ ಹಾಲು ಕುಡಿಯುತ್ತದೆ ಎಂಬುದೂ ಸುಳ್ಳು, ಯಾವ ಹಾವಿಗೂ ಹಾಲು ಆಹಾರವಲ್ಲ. ಅದು ತಿನ್ನುವುದು ಇಲಿ. ಜೂರಾಲ ಕಾಲುವೆಯ ನೀರು ಬಂದ ಕಡೆ ಭತ್ತ ಬಂತು, ಭತ್ತದ ಹಿಂದೆ ಇಲಿ ಬಂತು, ಇಲಿಯ ಹಿಂದೆ ಹಾವು. ಹೀಗಿರುವಾಗ ಕೇರೆಯನ್ನು ಕೊಂದು ಇಲಿಪಾಷಾಣಕ್ಕೆ ದುಡ್ಡು ಸುರಿಯುವ ಲೆಕ್ಕ ನನಗೆ ತಿಳಿಯದು.

ನಿಜವಾಗಿ ಹೆದರಬೇಕಾದವು ಮುಖ್ಯವಾಗಿ ನಾಲ್ಕು: ನಾಗರ, ಕಟ್ಟುಹಾವು ಅಂದರೆ ಕಟ್ಲಪಾಮು, ಕೊಳಕುಮಂಡಲ ಅಂದರೆ ರಕ್ತಪಿಂಜರಿ, ಮತ್ತು ಒಣನೆಲದ ಕಲ್ಲುಗಳ ಸಂದಿಯಲ್ಲಿರುವ ಗರಗಸ ಮಂಡಲ. ಇವುಗಳಲ್ಲಿ ಕಟ್ಟುಹಾವಿನ ವಿಷಯ ನನಗೆ ಮರೆಯಲಾಗದು.

ಕೆಲವು ವರ್ಷಗಳ ಹಿಂದಿನ ಮಾತು. ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದ ಹನ್ನೆರಡರ ಹುಡುಗ ನಡುರಾತ್ರಿ ಹೊಟ್ಟೆನೋವೆಂದು ಎದ್ದ. ಮೈಮೇಲೆ ಕಚ್ಚಿದ ಗುರುತಿಲ್ಲ, ಬಾವಿಲ್ಲ. ಊಟದ ದೋಷವೆಂದು ಓಮದ ನೀರು ಕುಡಿಸಿದರು. ಬೆಳಗಿನ ಜಾವ ರೆಪ್ಪೆ ಜೋತಾಗ ಪಕ್ಕದ ಊರಿನ ಮಂತ್ರವಾದಿಯ ಬಳಿಗೆ, ಅಲ್ಲಿಂದ ನನ್ನ ಬಳಿಗೆ. ನಾನು ಮಾಡಿದ್ದೇನು? ತಲೆಯ ಮೇಲೆ ಕೈಯಿಟ್ಟೆ, ಮೇಣದಬತ್ತಿ ಹಚ್ಚಿಸಿದೆ, ತೀರ್ಥ ತರಿಸಿದೆ, ನಿಧಾನವಾಗಿ ಪ್ರಾರ್ಥಿಸಿದೆ. ಕಾನ್ವೆಂಟಿನ ನರ್ಸ್ ಸಿಸ್ಟರ್ ಓಡಿಬಂದು ಹುಡುಗನ ಕಣ್ಣು ನೋಡಿದವರೇ, "ಫಾದರ್, ಮೊದಲು ಜೀಪು ತೆಗೆಸಿರಿ. ಪ್ರಾರ್ಥನೆ ಜೀಪಿನಲ್ಲಿ ಮಾಡೋಣ" ಎಂದರು. ಆ ಹೊತ್ತಿಗೆ ನನ್ನಿಂದಲೇ ಅರ್ಧ ಗಂಟೆ ಹೋಗಿತ್ತು. ಹುಡುಗ ಹಲವು ದಿನ ಉಸಿರಾಟದ ಯಂತ್ರದಲ್ಲಿದ್ದು ಬದುಕಿದ. ಅವನ ತಂದೆ ನನ್ನ ಪ್ರಾರ್ಥನೆಗೆ ಕೃತಜ್ಞತೆ ಹೇಳಿದಾಗ ನನಗೆ ತಲೆ ಎತ್ತಲಾಗಲಿಲ್ಲ.

ಈ ಹಾವಿನ ವಿಷ ನರಗಳಿಗೆ ಹತ್ತಿ ಉಸಿರಾಟದ ಸ್ನಾಯುಗಳನ್ನು ನಿಲ್ಲಿಸುತ್ತದೆ. ಕಚ್ಚಿದ್ದೂ ಅನೇಕ ಸಲ ತಿಳಿಯುವುದಿಲ್ಲ. ಮಳೆಗಾಲದ ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಾರಣವಿಲ್ಲದ ಹೊಟ್ಟೆನೋವು ಬಂದು, ರೆಪ್ಪೆ ಬಿದ್ದು, ಮಾತು ತೊದಲಿದರೆ ಹಾವೆಂದೇ ತಿಳಿದು ಹೊರಡಿ. ಮೇಲಿನ ನಾಲ್ಕಕ್ಕೂ ಸೇರಿ ಒಂದೇ ಪ್ರತಿವಿಷವಿದೆ. ಕುದುರೆಗೆ ಅಲ್ಪಸ್ವಲ್ಪ ವಿಷ ಚುಚ್ಚಿ, ಅದರ ರಕ್ತದಿಂದ ತಯಾರಿಸುತ್ತಾರೆ. ಅದಕ್ಕೆ ಬೇಕಾದ ವಿಷವನ್ನು ಹಾವು ಹಿಡಿದು ತೆಗೆದುಕೊಡುವವರಲ್ಲಿ ಮುಖ್ಯರು ಚೆನ್ನೈ ಬಳಿಯ ಇರುಳರು. 1978ರಲ್ಲಿ ಅವರದೇ ಸಹಕಾರ ಸಂಘವಾಯಿತು. ಒಂದು ಕಾಲಕ್ಕೆ ಹಾವಿನ ಚರ್ಮ ಮಾರಿ ಬದುಕುತ್ತಿದ್ದ ಜನ ಇಂದು ನಮ್ಮ ಮಕ್ಕಳ ಜೀವ ಉಳಿಸುತ್ತಿದ್ದಾರೆ.

2020ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದ್ದಾರೆ, ಹೆಚ್ಚಿನವರು ಹಳ್ಳಿಯವರು. 2030ರೊಳಗೆ ಈ ಸಾವುಗಳನ್ನು ಅರ್ಧಕ್ಕಿಳಿಸಬೇಕೆಂದು ಕೇಂದ್ರ ಸರ್ಕಾರ 2024ರಲ್ಲಿ ಯೋಜನೆ ಹೊರಡಿಸಿತು. ಯೋಜನೆ ದೆಹಲಿಯಲ್ಲಿದೆ, ಹಾವು ನಮ್ಮ ಬಣವೆಯಲ್ಲಿದೆ.

ಆದ್ದರಿಂದ ಕಚ್ಚಿದ ಜಾಗ ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಹಗ್ಗ ಬಿಗಿಯಬೇಡಿ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ. ಆ ಕೈಕಾಲು ಅಲುಗದಂತೆ ಕೋಲಿಟ್ಟು ಸಡಿಲವಾಗಿ ಬಟ್ಟೆ ಸುತ್ತಿ, ನಡೆಸದೆ ಸಾಗಿಸಿರಿ. ಹಾವನ್ನು ಹುಡುಕುತ್ತಾ ಹೊತ್ತು ಕಳೆಯಬೇಡಿ. 108ಕ್ಕೆ ಕರೆ ಮಾಡಿ, ನಾರಾಯಣಪೇಟೆಯೋ ಗದ್ವಾಲವೋ ಮಹಬೂಬನಗರವೋ ಹತ್ತಿರದ ದೊಡ್ಡ ಸರ್ಕಾರಿ ಆಸ್ಪತ್ರೆಗೆ. ಮಕ್ತಲ್ ಕಡೆಯವರಿಗೆ ಹೊಳೆ ದಾಟಿದರೆ ರಾಯಚೂರು.

ಮನೆಯಲ್ಲಿ ಮಕ್ಕಳನ್ನು ಹೊರಸಿನ ಮೇಲೆ ಮಲಗಿಸಿ, ಸೊಳ್ಳೆ ಪರದೆಯ ಅಂಚನ್ನು ಹಾಸಿಗೆಯ ಅಡಿಗೆ ಸೇರಿಸಿರಿ, ಕಟ್ಟುಹಾವಿಗೂ ಅದು ತಡೆ. ರಾತ್ರಿ ನೀರು ಕಟ್ಟಲು ಹೋಗುವಾಗ ಬ್ಯಾಟರಿ, ಬೂಟು ಇರಲಿ. ಗದ್ವಾಲದ ಹತ್ತಿ ಬೀಜದ ಹೊಲಗಳಲ್ಲಿ ಬಗ್ಗಿ ಹೂ ತಾಗಿಸುವ ಹೆಣ್ಣುಮಕ್ಕಳಿಗೂ ಮಾಲೀಕರು ಬೂಟು ಕೊಡಿಸಬೇಕು, ಇದನ್ನು ನಾನು ಅವರ ಮುಂದೆಯೇ ಹೇಳಿದ್ದೇನೆ. ಕುಳ್ಳು, ಕಟ್ಟಿಗೆ, ಕಣಿಕೆ ಮನೆಗೋಡೆಗೆ ಒತ್ತಿ ಒಟ್ಟಬೇಡಿ. ಮಾಲ್ಟಾ ದ್ವೀಪದಲ್ಲಿ ಸಂತ ಪೌಲರ ಕೈಗೆ ಹಾವು ಬಂದದ್ದೂ ಕಟ್ಟಿಗೆಯಿಂದಲೇ. ಅವರಿಗೇನೂ ಆಗಲಿಲ್ಲವಲ್ಲ ಎಂದು ಒಬ್ಬರು ನನ್ನೊಡನೆ ವಾದಿಸಿದರು. ನಾವು ಪೌಲರಲ್ಲವಲ್ಲ ಎಂದೆ.

ಆ ಹುಡುಗ ಈಗ ಟ್ರಾಕ್ಟರ್ ಹೊಡೆಯುತ್ತಾನೆ. ತೀರ್ಥದ ಬಾಟಲಿಯೊಂದನ್ನು ನಾನು ಜೀಪಿನಲ್ಲೇ ಇಟ್ಟಿದ್ದೇನೆ.