ಮೀನಿಲ್ಲದ ಕೊಳದಲ್ಲಿ ಗಾಳದ ಪಾಠ

ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಪಾರ್ಕಿನಲ್ಲಿ ಬೈಸನ್‌ಗಳನ್ನು ಸಾಕಿರುವ ಬಯಲೊಂದಿದೆ. ಅದರ ಎದುರಿಗೆ, ಮರಗಳ ಮರೆಯಲ್ಲಿ, ಮೂರು ಕಾಂಕ್ರೀಟ್ ಕೊಳಗಳು. ದಡದಲ್ಲಿ ನಾಲ್ಕಾರು ಜನ ನಿಂತು ಉದ್ದನೆಯ ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸುತ್ತಿರುತ್ತಾರೆ. ಮೊದಲ ಸಲ ಬಂದವರು ಸಹಜವಾಗಿ ನೀರಿಗೆ ಇಣುಕುತ್ತಾರೆ. ಅಲ್ಲಿ ಹಿಡಿಯಲು ಮೀನಿಲ್ಲ. ಬೀಸುವವರ ದಾರದ ತುದಿಯಲ್ಲಿ ಕೊಕ್ಕೆಯೂ ಇಲ್ಲ; ಅದರ ಜಾಗದಲ್ಲಿ ಉಲ್ಲನ್ನಿನ ಒಂದು ತುಣುಕು.

ಇದು ಗೋಲ್ಡನ್ ಗೇಟ್ ಆ್ಯಂಗ್ಲಿಂಗ್ ಅಂಡ್ ಕ್ಯಾಸ್ಟಿಂಗ್ ಕ್ಲಬ್. 1933ರಲ್ಲಿ ಹುಟ್ಟಿದ ಈ ಸಂಸ್ಥೆಗೆ ಕೊಳಗಳು ಮತ್ತು ಪಕ್ಕದ ಮರದ ಲಾಡ್ಜ್ ದೊರೆತದ್ದು ಅದೇ ದಶಕದ ಕೊನೆಯ ಹೊತ್ತಿಗೆ. ಆರ್ಥಿಕ ಮಹಾಕುಸಿತದಲ್ಲಿ ಕೆಲಸ ಕಳೆದುಕೊಂಡವರ ಕೈಗೆ ಕೂಲಿ ಕೊಡಲು ರೂಸ್‌ವೆಲ್ಟ್ ಸರ್ಕಾರ ವರ್ಕ್ಸ್ ಪ್ರೋಗ್ರೆಸ್ ಅಡ್ಮಿನಿಸ್ಟ್ರೇಷನ್ ಎಂಬ ಯೋಜನೆ ನಡೆಸಿತಲ್ಲ, ಅದರ ಕಾಮಗಾರಿಯಿದು. ನಮ್ಮಲ್ಲಿ ಬರಗಾಲದ ಕಾಮಗಾರಿಯೆಂದು ಕೆರೆಯ ಹೂಳೆತ್ತಿಸಿದ ಹಾಗೆ ಅಲ್ಲಿ ಗಾಳ ಬೀಸಲು ಕೊಳ ಕಟ್ಟಿಸಿದರು. ಹೊಟ್ಟೆಗಿಲ್ಲದ ಕಾಲದಲ್ಲಿ ಇಂಥದ್ದಕ್ಕೆ ದುಡ್ಡು ಸುರಿದದ್ದು ಸರಿಯೇ ಎಂದು ಆಗ ಯಾರಾದರೂ ಕೇಳಿರಲೂಬಹುದು. ಎಂಟು ದಶಕ ಕಳೆದ ಮೇಲೂ ಸಾರ್ವಜನಿಕರು ಅದನ್ನು ಬಳಸುತ್ತಿದ್ದಾರೆ ಎಂಬುದೇ ನನ್ನ ಮಟ್ಟಿಗೆ ಸಾಕಷ್ಟು ಉತ್ತರ.

ಗಾಳ ಹಾಕುವುದಕ್ಕೆ ಶಾಲೆ ಯಾಕೆ ಬೇಕು? ಕಾವೇರಿಯಲ್ಲಿ ಮಹಶೀರ್ ಹಿಡಿಯುತ್ತಿದ್ದವರು ಕೊಕ್ಕೆಗೆ ರಾಗಿ ಮುದ್ದೆಯ ಉಂಡೆ ಮೆತ್ತಿ ಎಸೆಯುತ್ತಿದ್ದರು. ಉಂಡೆಗೆ ತೂಕವಿದೆ, ಅದು ತಾನು ಹಾರುತ್ತಾ ಹಿಂದಿನ ದಾರವನ್ನು ಎಳೆದುಕೊಂಡು ಹೋಗುತ್ತದೆ. ಈ ಕೊಳಗಳಲ್ಲಿ ಅಭ್ಯಾಸ ಮಾಡುವ ಫ್ಲೈ ಫಿಶಿಂಗಿನಲ್ಲಿ ಇದೆಲ್ಲ ತಿರುಗುಮುರುಗು. ಟ್ರೌಟ್ ಮೀನು ತಿನ್ನುವುದು ನೀರಿನ ಮೇಲೆ ಕೂರುವ, ನೀರಿನೊಳಗೆ ಬೆಳೆಯುವ ಸಣ್ಣ ಹುಳುಗಳನ್ನು. ಅವುಗಳ ಹಾಗೆ ಕಾಣಲೆಂದು ಪುಟ್ಟ ಕೊಕ್ಕೆಗೆ ಗರಿ, ಕೂದಲು, ನೂಲು ಸುತ್ತಿ ಕಟ್ಟಿದ ಹುಸಿ ನೊಣಕ್ಕೆ ತೂಕವೇ ಇಲ್ಲ ಎನ್ನಬಹುದು. ಎಸೆದರೆ ಕಾಲಬುಡದಲ್ಲೇ ಬೀಳುತ್ತದೆ. ಹಾಗಾಗಿ ತೂಕವನ್ನು ದಾರಕ್ಕೇ ಕೊಟ್ಟಿದ್ದಾರೆ. ಅಂಗಡಿಯಲ್ಲಿ ದಾರ ಕೊಳ್ಳುವಾಗ ನಂಬರ್ ಕೇಳುತ್ತಾರೆ; ಐದನೇ ನಂಬರಿನ ದಾರವೆಂದರೆ ಅದರ ಮೊದಲ 30 ಅಡಿ 140 ಗ್ರೇನ್, ಅಂದರೆ ಸುಮಾರು 9 ಗ್ರಾಂ ತೂಗಬೇಕು. ಆ ತೂಕ ಗಾಳಿಯಲ್ಲಿ ಬಿಚ್ಚಿಕೊಳ್ಳುತ್ತಾ ಹೋಗಿ ಕೊನೆಯಲ್ಲಿ ನೊಣವನ್ನು ನೀರಿನ ಮೇಲೆ ಇಳಿಸಬೇಕು.

ಇದು ಹೇಳಿದಷ್ಟು ಸುಲಭವಲ್ಲ. ಒಂಬತ್ತು ಅಡಿಯ ಕೋಲನ್ನು ನಿಧಾನವಾಗಿ ಶುರುಮಾಡಿ, ವೇಗ ಏರಿಸುತ್ತಾ ಬಂದು, ಥಟ್ಟನೆ ನಿಲ್ಲಿಸಬೇಕು. ಬಾಗಿದ್ದ ಕೋಲು ನೆಟ್ಟಗಾಗುತ್ತಿದ್ದಂತೆ ದಾರ ಅದರ ತುದಿಯನ್ನು ದಾಟಿ, ಮಲಗಿಸಿದ 'ಯು' ಅಕ್ಷರದ ಆಕಾರದಲ್ಲಿ ಮಡಚಿಕೊಂಡು ಓಡುತ್ತದೆ. ಈ ಮಡಿಕೆಗೆ ಲೂಪ್ ಎನ್ನುತ್ತಾರೆ. ಲೂಪ್ ಕಿರಿದಾಗಿದ್ದರೆ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ, ಅಗಲವಾದರೆ ಸೊರಗಿ ಅಲ್ಲೇ ಬೀಳುತ್ತದೆ. ಕಿರಿದೋ ಅಗಲವೋ ಎಂಬುದನ್ನು ತೀರ್ಮಾನಿಸುವುದು ಕೋಲಿನ ತುದಿ ಸಾಗಿದ ದಾರಿ: ಅದು ನೇರವಾಗಿ ಸಾಗಬೇಕು. ಇಷ್ಟು ಕಲಿತರೆ ಅರ್ಧ ಕಲಿತ ಹಾಗೆ. ಉಳಿದರ್ಧ, ನಿಲ್ಲಿಸಿದ ಮೇಲೆ ಸುಮ್ಮನಿರುವುದು. ಹಿಂದಕ್ಕೆ ಬೀಸಿದ ದಾರ ಪೂರ್ತಿ ಬಿಚ್ಚಿಕೊಳ್ಳುವ ತನಕ ಕಾಯಬೇಕು, ದಾರ ಉದ್ದವಾದಷ್ಟೂ ಹೆಚ್ಚು ಹೊತ್ತು. ಹೊಸಬರ ಕೈ ಕಾಯುವುದಿಲ್ಲ. ಬೆನ್ನ ಹಿಂದೆ ಏನಾಗುತ್ತಿದೆಯೆಂದು ಕಾಣದ ಕಾರಣ ಮುಂದಕ್ಕೆ ದಬ್ಬಿಬಿಡುತ್ತಾರೆ, ದಾರ ಚಾಟಿಯಂತೆ ಚಟೀರೆನ್ನುತ್ತದೆ. ತಲೆ ತಿರುಗಿಸಿ ಹಿಂದೆ ನೋಡಿ ಎಂಬುದು ಶಿಕ್ಷಕರು ಮತ್ತೆ ಮತ್ತೆ ಹೇಳುವ ಮಾತು.

ಇನ್ನೊಂದು ತಪ್ಪು ತೋಳ್ಬಲದ್ದು. ಶುರುವಿನಲ್ಲೇ ಜೋರಾಗಿ ಜಗ್ಗಿದರೆ ಕೋಲು ಒಮ್ಮೆಲೇ ಬಾಗಿ ಅದರ ತುದಿ ತಗ್ಗಿಗೆ ಇಳಿದು ಏಳುತ್ತದೆ. ಲೂಪಿನ ಮೇಲಿನ ಎಳೆ ಕೆಳಗಿನದನ್ನು ದಾಟಿ, ತುದಿಯ ತೆಳು ದಾರದಲ್ಲಿ ಗಂಟು ಬೀಳುತ್ತದೆ. ಗಾಳಹಾಕುವವರು ಇದಕ್ಕೆ ಇಟ್ಟ ಹೆಸರು 'ಗಾಳಿಯ ಗಂಟು'. ಪಾಪ, ಗಾಳಿಯದೇನೂ ಪಾತ್ರವಿಲ್ಲ.

1992ರಲ್ಲಿ ರಾಬರ್ಟ್ ರೆಡ್‌ಫೋರ್ಡ್ ನಿರ್ದೇಶನದ 'ಎ ರಿವರ್ ರನ್ಸ್ ಥ್ರೂ ಇಟ್' ಸಿನಿಮಾ ಬಂದ ಮೇಲೆ ಅಮೆರಿಕದಲ್ಲಿ ಈ ಹವ್ಯಾಸಕ್ಕೆ ಹೊಸಬರು ಮುಗಿಬಿದ್ದರು. ಅದರಲ್ಲಿ ಪಾದ್ರಿ ತಂದೆ ಮಕ್ಕಳಿಗೆ ಮೆಟ್ರೊನೋಮ್ ಇಟ್ಟುಕೊಂಡು ಕಲಿಸುತ್ತಾನೆ: ಗಡಿಯಾರದ ಹತ್ತು ಗಂಟೆಗೂ ಎರಡು ಗಂಟೆಗೂ ನಡುವೆ, ನಾಲ್ಕು ಎಣಿಕೆಯ ಲಯದಲ್ಲಿ. ನೋಡಲು ಸೊಗಸು. ಆದರೆ ಈಗಿನ ಶಿಕ್ಷಕರು ಈ ಗಡಿಯಾರವನ್ನು ಅಷ್ಟಾಗಿ ನೆಚ್ಚುವುದಿಲ್ಲ. ದಾರ ಗಿಡ್ಡವಾಗಿದ್ದರೆ ಬೀಸೂ ಗಿಡ್ಡ, ಉದ್ದವಾದರೆ ಬೀಸೂ ಹಿರಿದು, ಕಾಯುವ ಹೊತ್ತೂ ದೀರ್ಘ. ಎಲ್ಲಕ್ಕೂ ಒಂದೇ ಅಳತೆ ಹಿಡಿಯುವುದು ಹೇಗೆ ಎಂಬುದು ಅವರ ವಾದ. ನನಗೂ ಅದೇ ಸರಿಯೆನಿಸುತ್ತದೆ.

ಅದೇ 1992ರಲ್ಲಿ, ಇಂದು ಫ್ಲೈ ಫಿಶರ್ಸ್ ಇಂಟರ್‌ನ್ಯಾಷನಲ್ ಎಂದು ಕರೆಯುವ ಸಂಘ ಬೀಸು ಕಲಿಸುವವರಿಗೆ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡಲು ಶುರುಮಾಡಿತು. ಅದಕ್ಕಾಗಿ ದುಡಿದವರಲ್ಲಿ ಮುಖ್ಯರಾದ ಮೆಲ್ ಕ್ರೀಗರ್ ಸ್ಯಾನ್ ಫ್ರಾನ್ಸಿಸ್ಕೊದವರೇ. ಈ ಪರೀಕ್ಷೆಯಲ್ಲಿ ನನಗೆ ಹಿಡಿಸಿದ ಅಂಶವೊಂದಿದೆ. ಚೆನ್ನಾಗಿ ಬೀಸಿ ತೋರಿಸಿದ ಮಾತ್ರಕ್ಕೆ ತೇರ್ಗಡೆಯಿಲ್ಲ. ಕೇಳಿದ ತಪ್ಪನ್ನು ಬೇಕೆಂದೇ ಮಾಡಿ ತೋರಿಸಿ, ಅದು ಯಾಕಾಯಿತು, ತಿದ್ದುವುದು ಹೇಗೆ ಎಂದು ಬಾಯಲ್ಲಿ ಹೇಳಬೇಕು. ಬೀಸು ತಾನಾಗಿ ಕೈಗೆ ಒಲಿದ ಹಲವರು ಒಳ್ಳೆಯ ಮೇಷ್ಟ್ರಾಗದಿರುವುದು ಇಲ್ಲಿಯೇ. ತಾವು ತಪ್ಪುತ್ತಿದ್ದದ್ದು ಎಲ್ಲಿ ಎಂದು ಅವರು ಎಂದೂ ಹುಡುಕಿದ್ದಿಲ್ಲ.

ಕ್ರೀಗರ್ ಕಲಿಯುವವರನ್ನು ಎರಡು ಬಗೆ ಮಾಡುತ್ತಿದ್ದರು: ಎಂಜಿನಿಯರುಗಳು, ಕವಿಗಳು. ಒಬ್ಬರಿಗೆ ಕೋನ, ವೇಗ, ಕಾರಣ ಬಿಡಿಸಿ ಹೇಳಬೇಕು. ಇನ್ನೊಬ್ಬರಿಗೆ ಕೋಲು ಬಾಗುವ ಅನುಭವ ಕೈಗೆ ಸಿಕ್ಕರೆ ಸಾಕು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಕನ್ನಡಿಗರಲ್ಲಿ ಮೊದಲ ಬಗೆಯವರೇ ಹೆಚ್ಚೆಂದು ಬೇರೆ ಹೇಳಬೇಕಿಲ್ಲ. ಅವರಿಗೆ ಸಮಾಧಾನವೆಂದರೆ, 1987ರಲ್ಲಿ ಬಂದ ಕ್ರೀಗರ್ ಅವರ 'ದಿ ಎಸೆನ್ಸ್ ಆಫ್ ಫ್ಲೈಕ್ಯಾಸ್ಟಿಂಗ್' ಪುಸ್ತಕ ಇಬ್ಬರಿಗೂ ಪಾಠ ಹೇಳುತ್ತದೆ.

ಹುಡುಗನಾಗಿದ್ದಾಗ ಇದೇ ಕೊಳಗಳ ದಡದಲ್ಲಿ ಬೀಸಿ ಪಳಗಿದ ಸ್ಟೀವ್ ರಾಜೆಫ್ ಮುಂದೆ ಹಲವು ಸಲ ವಿಶ್ವ ಚಾಂಪಿಯನ್ ಆದರು. ಹೌದು, ಬರೀ ಬೀಸುವುದಕ್ಕೇ ಸ್ಪರ್ಧೆಗಳಿವೆ, ದೂರಕ್ಕೊಂದು, ಗುರಿಗೊಂದು. ಗುರಿಯ ಸ್ಪರ್ಧೆಯಲ್ಲಿ ನೀರಿನ ಮೇಲೆ ಬಳೆಗಳನ್ನು ತೇಲಿಬಿಟ್ಟಿರುತ್ತಾರೆ, ನೊಣ ಅವುಗಳೊಳಗೆ ಇಳಿಯಬೇಕು. ಮೀನು ಹಿಡಿಯಲು ಇಷ್ಟೆಲ್ಲ ಬೇಕೇ ಎಂದರೆ ಬೇಡ. ಹೆಚ್ಚಿನ ಟ್ರೌಟ್ ಹೊಳೆಗಳಲ್ಲಿ ನಲವತ್ತು ಅಡಿಯೊಳಗೆ ನಿಖರವಾಗಿ ಇಳಿಸಬಲ್ಲವನು ನೂರು ಅಡಿ ಎಸೆಯುವವನಿಗಿಂತ ಹೆಚ್ಚು ಮೀನು ಕಾಣುತ್ತಾನೆ. ಆದರೂ ಕೊಳ ಬೇಕೇಬೇಕು, ಯಾಕೆಂದರೆ ಹೊಳೆಗೆ ಇಳಿದವನ ಗಮನವೆಲ್ಲ ಮೀನಿನ ಮೇಲೆ. ಅಡ್ಡಾದಿಡ್ಡಿ ಬೀಸಿಗೂ ಅಪರೂಪಕ್ಕೊಮ್ಮೆ ಮೀನು ಬಿದ್ದು, ಆ ತಪ್ಪು ಬೀಸೇ ಕೈಗೆ ಕೂತುಬಿಡುತ್ತದೆ. ಮೀನಿಲ್ಲದ ನೀರು ಹಾಗೆ ಪುಸಲಾಯಿಸುವುದಿಲ್ಲ.

ಕೊಳಕ್ಕೆ ಕಲಿಸಲಾಗದ್ದೂ ಇದೆ, ಅದು ಹರಿವು. ನದಿಯ ನಡುವಿನ ನೀರು ಬಿರುಸು, ಅಂಚಿನದು ನಿಧಾನ. ಅಡ್ಡಲಾಗಿ ಬಿದ್ದ ದಾರವನ್ನು ಬಿರುಸಿನ ನೀರು ಎಳೆದರೆ ನೊಣ ನೀರಿನ ಮೇಲೆ ಜಾರತೊಡಗುತ್ತದೆ. ನಿಜವಾದ ಹುಳು ಹಾಗೆ ಜಾರುವುದಿಲ್ಲವೆಂದು ಟ್ರೌಟಿಗೆ ಗೊತ್ತು. ದಾರವನ್ನು ಹರಿವಿನ ಮೇಲ್ದಿಕ್ಕಿಗೆ ಎತ್ತಿ ಹಾಕಿ ನೊಣ ತಾನೇ ತೇಲುವಂತೆ ಮಾಡುವುದು, ಯಾವ ಹುಳು ಏಳುತ್ತಿದೆಯೆಂದು ನೋಡಿ ಅದರಂಥದ್ದನ್ನೇ ಕಟ್ಟುವುದು, ಇವನ್ನು ಟ್ರಕಿ ಅಥವಾ ಮೆಕ್ಲೌಡ್ ನದಿಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತೇ ಕಲಿಯಬೇಕು.

ಕೊಳಗಳಿಗೆ ಹೋಗುವುದಾದರೆ ಬೆಳಿಗ್ಗೆಯೇ ಹೋಗಿ. ಮಧ್ಯಾಹ್ನಕ್ಕೆ ಸಮುದ್ರದ ಗಾಳಿ ಏಳುತ್ತದೆ. ಕ್ಲಬ್ಬಿನವರು ಹೊಸಬರಿಗೆ ಉಚಿತ ಪಾಠವನ್ನೂ ನಡೆಸುತ್ತಾರೆ, ದಿನ ವಿಚಾರಿಸಿಕೊಳ್ಳುವುದು ಒಳ್ಳೆಯದು. ಟೋಪಿ, ಕನ್ನಡಕ ತಪ್ಪಿಸಬೇಡಿ, ಕೊಕ್ಕೆ ಇಲ್ಲದಿದ್ದರೂ ದಾರ ಕಣ್ಣಿಗೆ ಬಡಿಯಬಹುದು. ಮನೆಗೆ ಬಂದ ಮೇಲೆ ಹುಲ್ಲುಹಾಸಿನ ಮೇಲೆ ದಿನಕ್ಕೆ ಹದಿನೈದು ನಿಮಿಷ ಬೀಸಿದರೆ, ವಾರವೆಲ್ಲ ಬಿಟ್ಟು ಭಾನುವಾರ ನಾಲ್ಕು ಗಂಟೆ ಬೀಸಿದ್ದಕ್ಕಿಂತ ಬೇಗ ಕೈ ಪಳಗುತ್ತದೆ. ನದಿಗೆ ಹೊರಡುವ ದಿನ ಬಂದಾಗ, 16 ವರ್ಷ ತುಂಬಿದವರು ಕ್ಯಾಲಿಫೋರ್ನಿಯಾದ ಮೀನುಗಾರಿಕೆ ಲೈಸೆನ್ಸ್ ಮಾಡಿಸಿಕೊಂಡಿರಬೇಕು. ಕೆಲವು ಹೊಳೆಗಳಲ್ಲಿ ಮುಳ್ಳಿಲ್ಲದ ಕೊಕ್ಕೆಯನ್ನೇ ಕಟ್ಟಬೇಕು, ಹಿಡಿದ ಮೀನನ್ನು ಬಿಡಲೇಬೇಕು. ಯಾವ ಹೊಳೆಗೆ ಯಾವ ನಿಯಮವೆಂದು ಮೊದಲೇ ನೋಡಿಕೊಂಡು ಹೊರಡಿ.