ಕಾರಿನ ಹೀಟರ್ ಕೈಕೊಟ್ಟಿತೇ? ಡ್ಯಾಶ್‌ಬೋರ್ಡ್ ಬಿಚ್ಚಿಸುವ ಮುನ್ನ...

ಜುಲೈ ತಿಂಗಳು. ಅತ್ತೆಯವರನ್ನು ಕರೆದುಕೊಂಡು ಮಡಿಕೇರಿಗೆ ಹೊರಟಿದ್ದೆವು. ಕುಶಾಲನಗರ ದಾಟಿ ಸುಂಟಿಕೊಪ್ಪದ ಏರು ಶುರುವಾಗುತ್ತಿದ್ದಂತೆ ಜೋರು ಮಳೆ, ಚಳಿ. ಸ್ಟೀರಿಂಗ್ ನನ್ನ ಕೈಯಲ್ಲಿ. ನೋಡನೋಡುತ್ತಿದ್ದಂತೆ ಮುಂದಿನ ಗಾಜಿಗೆಲ್ಲ ಮಂಜು ಹಿಡಿಯಿತು. ಹೀಟರ್ ಹಾಕಿದರೆ ಒಂದು, ಎರಡು, ಮೂರು... ಊಹೂಂ, ಗಾಳಿಯೇ ಇಲ್ಲ! ನಾಲ್ಕಕ್ಕೆ ತಿರುಗಿಸಿದರೆ ಮಾತ್ರ ಭರ್ರೆಂದು ಶುರು. 'ಕಿವಿ ನೋಯುತ್ತಮ್ಮಾ, ಆರಿಸು' ಅಂತ ಅತ್ತೆ. 'ಆರಿಸಿದ್ರೆ ದಾರಿ ಕಾಣಲ್ಲ ಅತ್ತೆ' ಅಂತ ನಾನು. ಗಾಜು ಒರೆಸುತ್ತಾ ಒರೆಸುತ್ತಾ ಮಡಿಕೇರಿ ಸೇರುವಷ್ಟರಲ್ಲಿ ಸಾಕುಸಾಕಾಗಿತ್ತು.

ವಾಪಸ್ ಬಂದು ಗ್ಯಾರೇಜಿಗೆ ಹೋದರೆ, 'ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಬೇಕು ಮೇಡಂ, ಎರಡು ದಿನ ಗಾಡಿ ಬಿಟ್ಟುಹೋಗಿ' ಅಂದರು. ಖರ್ಚು ಕೇಳಿ ಎದೆ ಧಸಕ್ಕೆಂದಿತು. ಮನೆಗೆ ಬಂದು ತಮ್ಮನಿಗೆ ಫೋನ್ ಮಾಡಿದೆ. 'ಅಕ್ಕಾ, ನಾಲ್ಕರಲ್ಲಿ ಗಾಳಿ ಬರುತ್ತೆ ತಾನೇ? ಹಾಗಿದ್ರೆ ಫ್ಯಾನ್ ಚೆನ್ನಾಗೇ ಇದೆ. ರೆಸಿಸ್ಟರ್ ಹೋಗಿರಬೇಕು. ಡ್ಯಾಶ್‌ಬೋರ್ಡ್ ಯಾಕೆ, ಗ್ಲೋವ್ ಬಾಕ್ಸ್ ಇಳಿಸಿದ್ರೆ ಸಾಕು' ಅಂದ.

ನಿಮಗೂ ಇಂಥ ಪರಿಸ್ಥಿತಿ ಬಂದಿದೆಯೇ? ಹಾಗಾದರೆ ಮೊದಲು ಹೀಟರ್ ಕೆಲಸ ಮಾಡುವ ಬಗೆ ತಿಳಿದುಕೊಳ್ಳಿ. ಎಂಜಿನ್ ಬಿಸಿಗೆ ಕಾದ ಕೂಲೆಂಟ್ ನೀರು ಡ್ಯಾಶ್‌ಬೋರ್ಡ್ ಹಿಂದಿರುವ ಪುಟ್ಟ ರೇಡಿಯೇಟರಿಗೆ ಬರುತ್ತದೆ. ಅದರ ಮೇಲೆ ಫ್ಯಾನ್ ಗಾಳಿ ಊದುತ್ತದೆ, ಬೆಚ್ಚನೆಯ ಗಾಳಿ ನಮಗೆ ಬರುತ್ತದೆ. ಅಡುಗೆಯಾದ ಮೇಲೆ ಉಳಿದ ಕೆಂಡದಲ್ಲಿ ಗೆಣಸು ಸುಟ್ಟ ಹಾಗೆ, ಹೇಗೂ ದಂಡವಾಗುವ ಬಿಸಿಯೇ ಇದು. ಹೀಟರಿಗೆ ಪೆಟ್ರೋಲ್ ಜಾಸ್ತಿ ಸುಡುತ್ತೆ ಅಂತ ನಮ್ಮನೆಯವರು ಎಷ್ಟೋ ವರ್ಷ ಅದನ್ನು ಮುಟ್ಟಲೂ ಬಿಟ್ಟಿರಲಿಲ್ಲ!

ಇನ್ನು ರೆಸಿಸ್ಟರ್. ಹಳೇ ಮನೆಗಳಲ್ಲಿ ಡಬ್ಬದಂಥ ಫ್ಯಾನ್ ರೆಗ್ಯುಲೇಟರ್ ಇರುತ್ತಿತ್ತಲ್ಲ, ಮುಟ್ಟಿದರೆ ಬೆಚ್ಚಗಿರುತ್ತಿತ್ತು, ಇದೂ ಅದೇ ಜಾತಿ. ಕಡಿಮೆ ಸ್ಪೀಡುಗಳಿಗೆಲ್ಲ ಕರೆಂಟು ಇದರ ಮೂಲಕವೇ ಹೋಗಬೇಕು, ಕೊನೆಯ ಸ್ಪೀಡಿಗೆ ಮಾತ್ರ ನೇರವಾಗಿ ಹೋಗುತ್ತದೆ. ರೆಸಿಸ್ಟರ್ ಸುಟ್ಟರೂ ನಾಲ್ಕನೇ ನಂಬರ್ ನಡೆಯುವುದು ಅದಕ್ಕೇ. (ಗುಂಡಿ ತಿರುಗಿಸುವ ಕಾರುಗಳ ಮಾತಿದು. ಆಟೊಮ್ಯಾಟಿಕ್ ಎಸಿ ಇದ್ದರೆ ಬೇರೆ ಲೆಕ್ಕ.)

ಕಾರಿನ ಜೊತೆ ಕೊಟ್ಟ ಪುಸ್ತಕ ಬೀರುವಿನಿಂದ ತೆಗೆದು ಪಕ್ಕಕ್ಕಿಟ್ಟುಕೊಳ್ಳಿ. ಕೀ ತೆಗೆದು, ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ ಹತ್ತು ನಿಮಿಷ ಸುಮ್ಮನಿರಿ. ಇದನ್ನು ಮಾತ್ರ ಉದಾಸೀನ ಮಾಡಬೇಡಿ. 2021ರ ಏಪ್ರಿಲ್‌ನಿಂದ ಹೊಸ ಮಾಡೆಲ್‌ಗಳಲ್ಲಿ ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಕಡ್ಡಾಯವಾಗಿದೆ, ಎಡಗಡೆಯದು ಗ್ಲೋವ್ ಬಾಕ್ಸ್ ಮೇಲೆಯೇ ಕೂತಿರುತ್ತದೆ. ಅದರ ವೈರು ಸಾಮಾನ್ಯವಾಗಿ ಹಳದಿ ಬಣ್ಣ. ಹಳದಿ ಕಂಡರೆ ಕೈ ಹಿಂದಕ್ಕೆ!

ಈಗ ಗ್ಲೋವ್ ಬಾಕ್ಸ್ ಖಾಲಿ ಮಾಡಿ. (ನನಗೆ ಎರಡು ವರ್ಷದ ಹಿಂದೆ ಕಳೆದ ಕೂಲಿಂಗ್ ಗ್ಲಾಸ್ ಸಿಕ್ಕಿತು.) ಹೆಚ್ಚಿನ ಕಾರುಗಳಲ್ಲಿ ಎರಡೂ ಬದಿ ಒಳಕ್ಕೆ ಒತ್ತಿದರೆ ಅದು ಕೆಳಕ್ಕೆ ಇಳಿಯುತ್ತದೆ, ಕೆಲವದರಲ್ಲಿ ಸ್ಕ್ರೂ ಬಿಚ್ಚಬೇಕು. ಹಿಂದೆ ದುಂಡಗೆ ಕಾಣುವುದೇ ಫ್ಯಾನ್. ಅದರ ಹತ್ತಿರ, ವೈರುಗಳ ಪ್ಲಗ್ ಚುಚ್ಚಿದ ಚಿಕ್ಕ ತಟ್ಟೆ ರೆಸಿಸ್ಟರ್. ಸಾಮಾನ್ಯವಾಗಿ ಎರಡೇ ಸ್ಕ್ರೂ. ಪ್ಲಗ್ಗನ್ನು ಅದರ ನಾಲಿಗೆ ಒತ್ತಿ ಎಳೆಯಿರಿ, ವೈರು ಹಿಡಿದು ಜಗ್ಗಬೇಡಿ. ಹಳೆಯದನ್ನೇ ಕೈಯಲ್ಲಿ ಹಿಡಿದು ಅಂಗಡಿಗೆ ಹೋಗಿ. ನಾನು ಜೆ.ಸಿ. ರಸ್ತೆಗೆ ಹೋಗಿದ್ದೆ, ಸಾವಿರ ರೂಪಾಯಿ ಒಳಗೇ ಸಿಕ್ಕಿತು. ಪ್ಲಗ್ಗೇ ಕರಗಿ ಕಪ್ಪಾಗಿದ್ದರೆ ಎಲೆಕ್ಟ್ರಿಷಿಯನ್ ಹತ್ತಿರ ತೋರಿಸಿ.

ಅಲ್ಲೇ ಕ್ಯಾಬಿನ್ ಫಿಲ್ಟರ್ ಇದ್ದರೆ ಅದನ್ನೂ ಎಳೆದು ನೋಡಿ. ಧೂಳು, ಒಣಗಿದ ಎಲೆ... ವ್ಯಾಕ್! ಗಾಳಿ ಕಟ್ಟಿಕೊಂಡರೆ ರೆಸಿಸ್ಟರ್‌ಗೆ ತಂಪು ಸಿಗದೆ ಮತ್ತೆ ಸುಡುತ್ತದೆ. ಹೊಸ ಫಿಲ್ಟರ್ ಹಾಕುವಾಗ ಬಾಣದ ಗುರುತು ನೋಡಿ ಹಾಕಿ. ಹೊಸ ರೆಸಿಸ್ಟರ್ ಕೂಡ ಬೇಗ ಹೋದರೆ ಫ್ಯಾನೇ ಬಿಗಿಯಾಗಿದೆ ಎಂದು ಅನುಮಾನಿಸಿ.

ಯಾವ ನಂಬರಿನಲ್ಲೂ ಗಾಳಿ ಇಲ್ಲವೇ? ಮೊದಲು ಫ್ಯೂಸ್ ನೋಡಿ. ಅದೇ ಅಂಕಿಯ ಫ್ಯೂಸನ್ನೇ ಹಾಕಬೇಕು, ದೊಡ್ಡದು ಹಾಕಿದರೆ ವೈರು ಸುಡುತ್ತದೆ. ಗಾಳಿ ಜೋರಾಗಿದ್ದೂ ತಣ್ಣಗಿದ್ದರೆ, ಎಂಜಿನ್ ಪೂರ್ತಿ ಆರಿದ ಮೇಲೆ ಕೂಲೆಂಟ್ ಡಬ್ಬಿ ನೋಡಿ. ಮಿನ್ ಗೆರೆಗಿಂತ ಕೆಳಗಿದ್ದರೆ ಅದೇ ಬಗೆಯ ಕೂಲೆಂಟ್ ಹಾಕಿ. ಬಿಸಿ ಎಂಜಿನ್ನಿನ ಮುಚ್ಚಳ ಮಾತ್ರ ತೆಗೆಯಲೇಬೇಡಿ, ಕುಕ್ಕರ್ ವಿಷಲ್ ಕೂಗುವಾಗ ಮುಚ್ಚಳ ಎಳೆದ ಹಾಗಾದೀತು! ಹಾಕಿದ್ದು ಮತ್ತೆ ಇಳಿದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ಕಾರಿನೊಳಗೆ ಸಿಹಿ ವಾಸನೆ, ಗಾಜಿನ ಮೇಲೆ ಎಣ್ಣೆಜಿಡ್ಡು, ಎಡಗಡೆ ಸೀಟಿನ ಕೆಳಗಿನ ಕಾರ್ಪೆಟ್ ಒದ್ದೆ, ಈ ಮೂರೂ ಸೇರಿದರೆ ಒಳಗಿನ ಪುಟ್ಟ ರೇಡಿಯೇಟರೇ ಸೋರುತ್ತಿರಬಹುದು. ಆಗ ನಿಜಕ್ಕೂ ಡ್ಯಾಶ್‌ಬೋರ್ಡ್ ಇಳಿಸಬೇಕಾಗಬಹುದು. ಅದು ನಮ್ಮ ಕೆಲಸವಲ್ಲ, ಗ್ಯಾರೇಜಿಗೇ ಬಿಡಿ. ಕೂಲೆಂಟ್ ರುಚಿಗೆ ಸಿಹಿ, ಆದರೆ ವಿಷ. ಚೆಲ್ಲಿದ್ದನ್ನು ಮಗುವಾಗಲಿ ನಾಯಿಯಾಗಲಿ ನೆಕ್ಕದಂತೆ ತಕ್ಷಣ ತೊಳೆಯಿರಿ.

ರಿಪೇರಿಗೆ ಮೊದಲೇ ಮಳೆಯಲ್ಲಿ ಹೊರಡಬೇಕಾಗಿ ಬಂತೇ? ಕಾರಿನೊಳಗೆ ಬಾಣ ಸುತ್ತುವ ಚಿತ್ರದ ಗುಂಡಿ ಆರಿಸಿ, ಹೊರಗಿನ ಗಾಳಿ ಬರಲಿ. ಜೊತೆಗೆ ಎಸಿ ಹಾಕಿ. ಚಳಿಯಲ್ಲಿ ಎಸಿಯೇ ಅನ್ನಬೇಡಿ, ಅದು ಗಾಳಿಯ ತೇವ ಹೀರುತ್ತದೆ. ಪಕ್ಕದ ಗಾಜನ್ನು ಒಂದು ಬೆರಳಷ್ಟು ಇಳಿಸಿ. ಅತ್ತೆಯವರಿಗೆ ಕಿವಿಗೆ ಹತ್ತಿ ಕೊಡುವುದನ್ನು ಮರೆಯಬೇಡಿ, ನಾಲ್ಕನೇ ನಂಬರ್ ಬೇಕೇಬೇಕಲ್ಲ!