ಸೇವೆ ಎಲ್ಲರಿಗೂ ತಲುಪಬೇಕಾದರೆ: ವೈವಿಧ್ಯ, ಸಮಾನತೆ, ಒಳಗೊಳ್ಳುವಿಕೆ ಎಂದರೇನು?



ಸಮಾಜಸೇವೆಯ ತರಬೇತಿಗಳಲ್ಲಿ, ಸರ್ಕಾರಿ ಸುತ್ತೋಲೆಗಳಲ್ಲಿ ಈಗ ಮೂರು ಪದಗಳು ಜೊತೆಯಾಗಿ ಬರುತ್ತವೆ: ವೈವಿಧ್ಯ, ಸಮಾನತೆ, ಒಳಗೊಳ್ಳುವಿಕೆ. ಕೇಳಲು ದೊಡ್ಡ ಪದಗಳು. ಆದರೆ ಇವುಗಳ ಅರ್ಥ ತಿಳಿಯದೆ ಕೆಲಸ ಮಾಡಿದರೆ, ನೀವು ನಂಬಿಕೆಯಿಂದ ಕೊಟ್ಟ ಹಣ ನಿಜಕ್ಕೂ ಕಷ್ಟದಲ್ಲಿರುವ ಮನೆಯ ಬಾಗಿಲು ದಾಟಿ ಮುಂದೆ ಹೋಗಿಬಿಡಬಹುದು. ಆದ್ದರಿಂದ ಈ ವರ್ಷದ ವರದಿಯಲ್ಲಿ ಲೆಕ್ಕಪತ್ರದ ಜೊತೆಗೆ ಈ ವಿವರಣೆಯನ್ನೂ ಸೇರಿಸಿದ್ದೇವೆ.

ವೈವಿಧ್ಯ: ನಮ್ಮ ಸುತ್ತ ಇರುವವರು ಯಾರು?

ಬೊಮ್ಮನಹಳ್ಳಿ 2007ರವರೆಗೆ ತನ್ನದೇ ನಗರಸಭೆ ಇದ್ದ ಊರು. ಆ ವರ್ಷ ಬಿಬಿಎಂಪಿಗೆ ಸೇರಿತು. ಹೊಸೂರು ರಸ್ತೆಯ ಎರಡೂ ಬದಿಯ ಗಾರ್ಮೆಂಟ್ಸ್ ಕಾರ್ಖಾನೆಗಳು, ಕಟ್ಟಡ ಕೆಲಸ, ಐಟಿ ಕಂಪನಿಗಳ ಹೌಸ್‌ಕೀಪಿಂಗ್ ಮತ್ತು ಸೆಕ್ಯುರಿಟಿ ಕೆಲಸ ಜನರನ್ನು ಇಲ್ಲಿಗೆ ಕರೆತಂದವು. ಇವತ್ತು ಒಂದೇ ಬೀದಿಯಲ್ಲಿ ಕನ್ನಡ, ದಖ್ಖನಿ ಉರ್ದು, ತಮಿಳು, ತೆಲುಗು, ಹಿಂದಿ, ಒಡಿಯಾ ಕೇಳಿಸುತ್ತವೆ. ಮೂರು ತಲೆಮಾರಿನಿಂದ ಇಲ್ಲೇ ಇರುವ ಮನೆಯ ಪಕ್ಕದಲ್ಲಿ, ರಾಯಚೂರಿನಿಂದಲೋ ಯಾದಗಿರಿಯಿಂದಲೋ ಬಂದು ಶೀಟಿನ ಮನೆಯಲ್ಲಿ ಬಾಡಿಗೆಗಿರುವ ಕುಟುಂಬವಿದೆ.

ವೈವಿಧ್ಯ ಎಂದರೆ ಧರ್ಮ, ಭಾಷೆಗಳ ವ್ಯತ್ಯಾಸ ಮಾತ್ರವಲ್ಲ. ಒಂದೇ ಮೊಹಲ್ಲಾದ ಒಂದೇ ಜಮಾತಿನೊಳಗೂ ಗಂಡ ಬಿಟ್ಟುಹೋದ ತಾಯಿ, ಕಿವಿ ಕೇಳದ ಮಗು, ಮಕ್ಕಳು ದೂರವಾದ ವೃದ್ಧರು, ಮನೆಯವರೇ ಹೊರಗಿಟ್ಟ ಟ್ರಾನ್ಸ್‌ಜೆಂಡರ್ ವ್ಯಕ್ತಿ ಇದ್ದಾರೆ. ಇವರೆಲ್ಲರನ್ನೂ 'ಬಡವರು' ಎಂಬ ಒಂದೇ ಪಟ್ಟಿಯಲ್ಲಿ ಬರೆದರೆ ಯಾರ ಕಷ್ಟವೂ ಸರಿಯಾಗಿ ಕಾಣುವುದಿಲ್ಲ.

ಸಮಾನತೆ: ಎಲ್ಲರಿಗೂ ಅಷ್ಟಷ್ಟೇ ಕೊಡುವುದೇ?

ರೇಷನ್ ಕಿಟ್ ಹಂಚುವಾಗ ಎಲ್ಲರಿಗೂ ಒಂದೇ ತೂಕ ಕೊಟ್ಟರೆ ದೂರು ಬರುವುದಿಲ್ಲ. ಆದರೆ ಇಬ್ಬರಿರುವ ಮನೆಗೂ ಎಂಟು ಮಂದಿ ಇರುವ ಮನೆಗೂ ಅದೇ ಹತ್ತು ಕಿಲೋ ಅಕ್ಕಿ ಕೊಟ್ಟರೆ ಅದು ಸಮಾನ ಹಂಚಿಕೆ, ಸಮಾನ ಊಟ ಅಲ್ಲ.

ನಮ್ಮ ಸಂವಿಧಾನ ಈ ವ್ಯತ್ಯಾಸವನ್ನು ಒಪ್ಪಿಕೊಂಡಿದೆ. 14ನೇ ವಿಧಿ ಕಾನೂನಿನ ಮುಂದೆ ಎಲ್ಲರೂ ಸಮಾನರು ಎನ್ನುತ್ತದೆ. 15ನೇ ವಿಧಿ ಧರ್ಮ, ಜಾತಿ, ಲಿಂಗದ ಆಧಾರದ ಮೇಲೆ ತಾರತಮ್ಯ ಮಾಡಬಾರದು ಎನ್ನುತ್ತದೆ. ಅದೇ ವಿಧಿಯ 3ನೇ ಉಪವಿಧಿ ಮಹಿಳೆಯರು ಮತ್ತು ಮಕ್ಕಳಿಗಾಗಿ ವಿಶೇಷ ಏರ್ಪಾಡು ಮಾಡಲು ಅವಕಾಶ ಕೊಟ್ಟಿದೆ. ಹಿಂದೆ ಬಿದ್ದವರಿಗೆ ಕೈಹಿಡಿದು ದಾರಿ ಮಾಡಿಕೊಡುವುದು ಸಮಾನತೆಗೆ ವಿರೋಧವಲ್ಲ, ಅದರದ್ದೇ ಭಾಗ. ಈ ವಿಚಾರ ನಮ್ಮ ನಾಡಿಗೆ ಹೊಸದೂ ಅಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಮೈಸೂರು ಸರ್ಕಾರ 1918ರಲ್ಲೇ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿ, ಸರ್ಕಾರಿ ನೌಕರಿಯಲ್ಲಿ ಹಿಂದುಳಿದ ಸಮುದಾಯಗಳಿಗೆ ಪಾಲು ಸಿಗುವ ದಾರಿ ಹುಡುಕಿತ್ತು.

ವಿದ್ಯಾರ್ಥಿಗಳಿಗೆ ಹತ್ತಿರದ ಒಂದು ಉದಾಹರಣೆ ನೋಡಿ. ಬರೆಯಲು ತೊಂದರೆ ಇರುವ ಅಂಗವಿಕಲ ಅಭ್ಯರ್ಥಿಗಳಿಗೆ ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂದು ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಹೇಳಿತ್ತು. ಮೂರು ಗಂಟೆಯ ಪರೀಕ್ಷೆಗೆ ನಾಲ್ಕು ಗಂಟೆ. ಪ್ರಶ್ನೆಪತ್ರಿಕೆ ಅದೇ, ಅಂಕವೂ ಅದೇ. ತನಗೆ ಗೊತ್ತಿರುವುದನ್ನು ಬರೆದು ತೋರಿಸುವ ಅವಕಾಶವಷ್ಟೇ ಸಮಾನವಾಯಿತು.

ಒಳಗೊಳ್ಳುವಿಕೆ: ಬಾಗಿಲು ತೆರೆದಿದ್ದರೆ ಸಾಕೇ?

'ನಮ್ಮ ಬಾಗಿಲು ಎಲ್ಲರಿಗೂ ತೆರೆದಿದೆ' ಎಂದು ಎಲ್ಲ ಸಂಸ್ಥೆಗಳೂ ಹೇಳುತ್ತವೆ. ಆದರೆ ಆ ಬಾಗಿಲು ಮೂರನೇ ಮಹಡಿಯಲ್ಲಿದ್ದು ಲಿಫ್ಟ್ ಇಲ್ಲದಿದ್ದರೆ? ಬೆಳಿಗ್ಗೆ ಹನ್ನೊಂದರಿಂದ ಸಂಜೆ ಐದರವರೆಗೆ ಮಾತ್ರ ತೆರೆದಿದ್ದರೆ? ಗಾರ್ಮೆಂಟ್ಸ್‌ನಲ್ಲಿ ದುಡಿಯುವ ತಾಯಿ ಅರ್ಜಿ ಕೊಡಲು ಒಂದು ದಿನ ರಜೆ ಹಾಕಿದರೆ ಆ ದಿನದ ಸಂಬಳ ಹೋಗುತ್ತದೆ, ಕೆಲವು ಕಡೆ ತಿಂಗಳ ಅಟೆಂಡೆನ್ಸ್ ಬೋನಸ್ಸೂ ಕೈತಪ್ಪುತ್ತದೆ. ದಾಖಲೆ ಒಂದು ಕಡಿಮೆ ಇದೆಯೆಂದು ವಾಪಸ್ ಕಳಿಸಿದರೆ ಅವರು ಎರಡನೇ ಸಲ ಬರುವುದು ಕಷ್ಟ. ಯಾರೂ ಅವರನ್ನು 'ಬೇಡ' ಎನ್ನಲಿಲ್ಲ. ಆದರೂ ಅವರು ಹೊರಗುಳಿದರು.

ಆದ್ದರಿಂದ ಎಷ್ಟು ಅರ್ಜಿ ಬಂದವು ಎಂದು ಎಣಿಸುವುದರ ಜೊತೆಗೆ, ಯಾರ ಅರ್ಜಿ ಬರಲಿಲ್ಲ, ಏಕೆ ಬರಲಿಲ್ಲ ಎಂದು ವಿಚಾರಿಸುವುದು ಸೇವಾ ಕಾರ್ಯಕರ್ತರ ಕೆಲಸ. ಮೂರೂ ಪದಗಳ ಸಾರ ಇಷ್ಟೇ: 'ಇವರು ಯಾರವರು?' ಎಂದು ಕೇಳುವ ಬದಲು 'ಇವರಿಗೆ ಅಡ್ಡಿಯಾಗಿರುವುದೇನು?' ಎಂದು ಕೇಳುವುದು.

ನಮ್ಮ ನಗರ ಕಂಡ ಎರಡು ಸಂಗತಿಗಳು

2020ರ ಲಾಕ್‌ಡೌನ್ ವೇಳೆ ಬೆಂಗಳೂರಿನ ಹಲವು ಸಂಸ್ಥೆಗಳು ಸೇರಿ 'ಮರ್ಸಿ ಮಿಷನ್' ಎಂಬ ಒಕ್ಕೂಟ ಕಟ್ಟಿದವು. ಕೋವಿಡ್‌ನಿಂದ ತೀರಿಕೊಂಡವರ ಹತ್ತಿರ ಸ್ವಂತ ಮನೆಯವರೇ ಬರಲು ಹೆದರುತ್ತಿದ್ದ ದಿನಗಳವು. ಹೆಚ್ಚಾಗಿ ಮುಸ್ಲಿಂ ಯುವಕರೇ ಇದ್ದ ಸ್ವಯಂಸೇವಕರು ಪಿಪಿಇ ಕಿಟ್ ತೊಟ್ಟು ಹಿಂದೂಗಳನ್ನು ಚಿತಾಗಾರಕ್ಕೆ, ಕ್ರೈಸ್ತರನ್ನು ಅವರ ಸ್ಮಶಾನಕ್ಕೆ, ಮುಸ್ಲಿಮರನ್ನು ಖಬರಸ್ತಾನಕ್ಕೆ ಒಯ್ದು, ಅವರವರ ಪದ್ಧತಿಯಂತೆ ಕೊನೆಯ ಕಾರ್ಯ ನೆರವೇರಿಸಿದರು. ಎಲ್ಲರಿಗೂ ಸಿಕ್ಕ ಗೌರವ ಒಂದೇ, ವಿಧಿ ಮಾತ್ರ ಬೇರೆ ಬೇರೆ. ವೈವಿಧ್ಯ ಮತ್ತು ಸಮಾನತೆ ಒಟ್ಟಿಗೆ ನಡೆಯುವುದೆಂದರೆ ಇದೇ.

ಇನ್ನೊಂದು ಸಂಗತಿ ಕಹಿಯಾದದ್ದು. 2021ರ ಮೇ 4ರಂದು ಬಿಬಿಎಂಪಿ ದಕ್ಷಿಣ ವಲಯದ ಕೋವಿಡ್ ವಾರ್ ರೂಮ್‌ನಲ್ಲಿ, ಹಾಸಿಗೆ ಹಂಚಿಕೆಯ ಅಕ್ರಮದ ಆರೋಪದ ನಡುವೆ, ಸುಮಾರು 200 ಸಿಬ್ಬಂದಿಯಲ್ಲಿ 17 ಮುಸ್ಲಿಂ ನೌಕರರ ಹೆಸರುಗಳನ್ನಷ್ಟೇ ಕ್ಯಾಮೆರಾ ಮುಂದೆ ಓದಲಾಯಿತು. ಅವರು ಕೆಲಸದಿಂದ ಹೊರಬಿದ್ದರು. ಪೊಲೀಸರು ಕರೆದು ವಿಚಾರಿಸಿದರು, ಅವರ ವಿರುದ್ಧ ಏನೂ ಸಿಗಲಿಲ್ಲ. ಕೆಲವೇ ದಿನಗಳಲ್ಲಿ ಹೆಚ್ಚಿನವರಿಗೆ ಕೆಲಸಕ್ಕೆ ಮರಳಿ ಬರುವಂತೆ ಕರೆ ಬಂತು. ಆದರೆ ಹಗಲಿರುಳು ಫೋನಿನಲ್ಲಿ ರೋಗಿಗಳ ಕರೆಗೆ ಉತ್ತರಿಸುತ್ತಿದ್ದವರಿಗೆ ಆ ದಿನಗಳು ಹೇಗಿದ್ದಿರಬೇಕು!

ಇದನ್ನು ಇಲ್ಲಿ ಬರೆಯುವುದು ಹಳೆಯ ಗಾಯ ಕೆದಕಲು ಅಲ್ಲ. ಸೇವೆ ಪಡೆಯುವವರಿಗೆ ಮಾತ್ರವಲ್ಲ, ಸೇವೆ ಮಾಡುವವರಿಗೂ ಸಮಾನ ಗೌರವ ಬೇಕು. ಹೆಸರು ನೋಡಿ ಅನುಮಾನಿಸಿದರೆ ಎಷ್ಟು ನೋವಾಗುತ್ತದೆಂದು ಬಲ್ಲವರು, ತಮ್ಮ ಮೇಜಿನ ಮುಂದೆ ನಿಂತ ಪರಊರಿನ ಕೂಲಿಕಾರನನ್ನು, ಬೇರೆ ಧರ್ಮದ ತಾಯಿಯನ್ನು, ಟ್ರಾನ್ಸ್‌ಜೆಂಡರ್ ವ್ಯಕ್ತಿಯನ್ನು ಅದೇ ಕಣ್ಣಿನಿಂದ ನೋಡಬಾರದು.

ನಮ್ಮ ಪರಂಪರೆಯ ಪಾಠ

ಪವಿತ್ರ ಕುರ್‌ಆನಿನ 80ನೇ ಅಧ್ಯಾಯ 'ಅಬಸ'ದ ಹಿನ್ನೆಲೆ ಬಹಳ ಮಂದಿಗೆ ತಿಳಿದಿದೆ. ಪ್ರವಾದಿಯವರು(ಸ) ಮಕ್ಕಾದ ಮುಖಂಡರ ಜೊತೆ ಮಾತನಾಡುತ್ತಿದ್ದಾಗ ಅಂಧರಾದ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ) ಕಲಿಯಲೆಂದು ಬಂದರು. ಅನುಕೂಲಸ್ಥರ ಸಲುವಾಗಿ ಹಂಬಲಿಸಿ ಬಂದವರ ಕಡೆಗೆ ಗಮನ ತಪ್ಪಬಾರದೆಂಬ ಎಚ್ಚರಿಕೆ ಆ ವಚನಗಳಲ್ಲಿದೆ. ಮುಂದೆ ಮದೀನಾದಲ್ಲಿ ಇದೇ ಇಬ್ನು ಉಮ್ಮಿ ಮಕ್ತೂಮ್ ಅವರು ಅಝಾನ್ ಕೊಡುವ ಹೊಣೆ ಹೊತ್ತರು. ಪ್ರವಾದಿಯವರು ಊರಲ್ಲಿಲ್ಲದಾಗ ಹಲವು ಬಾರಿ ಮದೀನಾದ ಉಸ್ತುವಾರಿಯೂ ಅವರದಾಗಿತ್ತು. ಅವರನ್ನು ನೆರವು ಪಡೆಯುವವರಾಗಿಯೇ ಉಳಿಸಲಿಲ್ಲ, ಜವಾಬ್ದಾರಿ ಕೊಟ್ಟು ಗೌರವಿಸಲಾಯಿತು. ಒಳಗೊಳ್ಳುವಿಕೆಯ ಪೂರ್ಣ ಅರ್ಥ ಇದು.

ದಾನಿಗಳಿಗೆ

ಝಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳನ್ನು ಕುರ್‌ಆನ್ (9:60) ಹೇಳಿದೆ. ಅವುಗಳಲ್ಲಿ ಬಡವರು, ಸಾಲದಲ್ಲಿ ಮುಳುಗಿದವರು, ದಾರಿಯಲ್ಲಿ ಕಷ್ಟಕ್ಕೆ ಸಿಲುಕಿದ ಪ್ರಯಾಣಿಕರು ಬೇರೆ ಬೇರೆಯಾಗಿ ಬರುತ್ತಾರೆ. ಅಂದರೆ ಕಷ್ಟಗಳು ಒಂದೇ ಬಗೆಯವಲ್ಲ. ಬಹುತೇಕ ವಿದ್ವಾಂಸರ ಪ್ರಕಾರ ಝಕಾತ್ ಮುಸ್ಲಿಮರಲ್ಲಿನ ಅರ್ಹರಿಗೆ ಸೇರತಕ್ಕದ್ದು. ಸದಕಾಗೆ ಆ ಮಿತಿ ಇಲ್ಲ, ನೆರೆಯ ಯಾವ ಧರ್ಮದವರಿಗೂ ಕೊಡಬಹುದು. ಆದ್ದರಿಂದ ಹಣ ಕೊಡುವಾಗ ರಸೀದಿಯಲ್ಲಿ ಝಕಾತೋ ಸದಕಾವೋ ಎಂದು ದಯವಿಟ್ಟು ಬರೆಸಿ. ಸದಕಾ ನಿಧಿ ಬೆಳೆದಷ್ಟೂ ನಮ್ಮ ಸೇವೆ ಬೀದಿಯ ಎಲ್ಲ ಮನೆಗಳಿಗೂ ತಲುಪುತ್ತದೆ. ಆಟೋ ಖರ್ಚು, ಶ್ರವಣ ಸಾಧನದ ಬ್ಯಾಟರಿ, ಅರ್ಜಿ ತುಂಬಿಸಿಕೊಡುವವರ ಗೌರವಧನ ಇಂಥ ಸಣ್ಣ ಬಾಬ್ತುಗಳಿಗೂ ಕೈಜೋಡಿಸಿ. ಎಷ್ಟೋ ಮಕ್ಕಳಿಗೆ ಅಡ್ಡಿಯಾಗಿರುವುದು ಶಾಲೆಯ ಫೀಸಿಗಿಂತ ಇವೇ.

ವಿದ್ಯಾರ್ಥಿವೇತನದ ಕುಟುಂಬಗಳಿಗೆ

ಅರ್ಜಿಯಲ್ಲಿ ತಾಯಿ, ತಂದೆ ಅಥವಾ ಪೋಷಕರು, ಯಾರಾದರೂ ಒಬ್ಬರ ಸಹಿ ಸಾಕು. ಬರೆಯಲು ಬಾರದವರು ಹೇಳಿದರೆ ನಾವು ಬರೆದುಕೊಳ್ಳುತ್ತೇವೆ. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ಇನ್ನೂ ಸಿಗದಿದ್ದರೆ, ಅದಕ್ಕೆ ಅರ್ಜಿ ಹಾಕಿದ ಸ್ವೀಕೃತಿ ಚೀಟಿ ತನ್ನಿ. ಮಗುವಿಗೆ ಅಂಗವೈಕಲ್ಯವಿದ್ದರೆ ಮುಚ್ಚಿಡಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಶೇ. 40 ಅಥವಾ ಹೆಚ್ಚಿನ ಅಂಗವೈಕಲ್ಯ ಇರುವವರಿಗೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5 ಸೀಟುಗಳು ಮೀಸಲು. ಯುಡಿಐಡಿ ಕಾರ್ಡ್ ಮಾಡಿಸಿಕೊಳ್ಳಲು ನೆರವು ಬೇಕಿದ್ದರೂ ಕೇಳಿ.

ಕೊನೆಯದಾಗಿ ಒಂದು ವಿನಂತಿ. ನಿಮ್ಮ ಗಲ್ಲಿಯಲ್ಲಿ ಅರ್ಜಿ ಹಾಕದೆ ಉಳಿದ ಮಗು ಯಾರೆಂದು ನಮಗಿಂತ ನಿಮಗೆ ಚೆನ್ನಾಗಿ ಗೊತ್ತು. ನಿಮ್ಮ ಮಗುವಿನ ಅರ್ಜಿ ತರುವಾಗ ಆ ಮಗುವಿನ ತಾಯಿಯನ್ನೂ ಜೊತೆಗೆ ಕರೆತನ್ನಿ.